ಗಾಲಿಗೆ ಕೊಟ್ಟ ಕಲ್ಲು

ನಗಬ್ಯಾಡ್ರಿ ಅಳಿಯಂದ್ರ, ಖರೇನ ಹೇಳಾಕತ್ತೇನಿ... ತಗಡಿನ ಮ್ಯಾಲಿನ ಕಲ್ಲ ಸಹಿತ ಹಾರಿ ಹೋದ್ವು! ಹ್ಯಾಂಗ ಅಂದ್ರ ನನಗೇನ್ ಗೊತ್ತು? ಗಾಳೀನ ಕೇಳ್ರಿ. ಈ ಶೇಖವ್ವ ಸುಳ್ಳ ಹೇಳಿದ್ಲು ಅಂತ ಇಡೀ ಗಜೇಂದ್ರಗಡದಾಗ ಯಾರರ ಅನ್ಲಿ ನೋಡೂಣು. ನಿನ್ನೆ ಸಂಜಿ ಆ ಗಾಳಿ ಬೀಸಿದ್ದು ನೀವೂ ನೋಡೀರಲ್ಲ? ಗುಡ್ಡದ ಮ್ಯಾಲಿಂದ ಇಳ್ಕೊಂತ ಬಂತು. ನಮ್ಮ ಹಿಂದಿನ ಕ್ವಾಣಿ ತಗಡ ಕಿತ್ತು, ಮಾಳಗಿ ದಾಟಿಸಿ, ಓಣ್ಯಾಗ ಇಷ್ಟ ಜಾಗಾ ಇದ್ದರೂ ನಿಮ್ಮ ಕಾರಿನ ಮ್ಯಾಲೇ ತಂದ ಒಗೀತು. ಬಾಜೂಕ ಹೊನ್ನವ್ವನ ಎಮ್ಮಿ ಕಟ್ಟಿತ್ತು, ಅದಕ್ಕ ಒಂದ ಕೂದ್ಲೂ ಕೊಂಕಿಲ್ಲ. ಅಳ್ಯಾ ಬಂದಾನ ಅಂತ ಗಾಳಿಗೂ ಗೊತ್ತಾಗೇತಿ, ಮರ್ಯಾದಿ ಮಾಡಿ ಹೋಗೇತಿ.

ಆತ ಆತ... ಮಾರಿ ಗಂಟ ಹಾಕ್ಕೋಬ್ಯಾಡ್ರಿ. ಚಾಷ್ಟಿ ಮಾಡಿದೆ. ನನಗ ಸಂಕಟ ಆಗಿಲ್ಲೇನು? ಹೊಸಾ ಗಾಡಿ. ಪೂಜಿ ಮಾಡಿ ಗಾಲಿ ಕೆಳಗ ನಿಂಬಿಹಣ್ಣ ಇಟ್ಟಾಕಿ ನಾನ. ಈಗ ನೋಡ್ರಿ, ಮುಂದಿನ ಕಾಚು ಸೀಳಿ ಸೀಳಿ ಹೋಗೇತಿ, ಬಾನೆಟ್ಟಿನ ಮ್ಯಾಲ ತೆಗ್ಗ ಬಿದ್ದೇತಿ. ಆ ತೆಗ್ಗಿನ ಮಳಿ ನೀರಾಗ ಗುಬ್ಬಿ ಜಳಕಾ ಮಾಡಾಕತ್ತಾವ. ನಿಮ್ಮ ಮಾವಾರು ಗ್ಯಾರೇಜಿನ ಯಮನೂರಸಾಬನ್ನ ಕರಕೊಂಡ ಬರಾಕ ಹೋಗ್ಯಾರ. ಬರ್ತಾರ ತಡೀರಿ.

ಏನಂದ್ರಿ? ಇವತ್ತ? ನನ್ನ ಮಗಳ ಚಿನ್ನೂನ ಇವತ್ತ ನಿಮ್ಮ ನರಗುಂದಕ್ಕ ಕರ್ಕೊಂಡ ಹೋಗ್ತೀರಿ? ಎದರಾಗ, ಈ ಕಾರಿನ್ಯಾಗ? ಮುಂದಿಂದ ಏನೂ ಕಾಣೂದಿಲ್ಲ, ಗುಬ್ಬೀನ ಕೇಳಿ ಕೇಳಿ ಓಡಸ್ತೀರೇನು? ... ಬಸ್ಸಿನ್ಯಾಗ? ದಿನ ತುಂಬಿದ ಬಸರಿನ್ನ ರೋಣದ ತನಕ ತೆಗ್ಗಿನ್ಯಾಗ ಕುಲುಕಿಸ್ಕೊಂತ ಒಯ್ರಿ. ನರಗುಂದ ಮುಟ್ಟೂದ್ರಾಗ ನಾ ಅಜ್ಜಿ ಆಗಿರ್ತೇನಿ, ನೀವು ಕಂಡಕ್ಟರಗ ಪೇಢೆ ಕೊಡಬೇಕಾಕ್ಕತಿ.

ನಿಮ್ಮದು ಸ್ಲ್ಯಾಬಿನ ಮನಿ, ಒಪ್ಪಿದೆ. ಮ್ಯಾಲ ಆನಿ ಕುಣಿದರೂ ಅಲಗೂದಿಲ್ಲ. ಆದ್ರ ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು ಹೌದಲ್ಲೋ? ನಿಮ್ಮನ್ನ ಹಡ್ಯಾಕ ನಿಮ್ಮವ್ವ ಎಲ್ಲಿ ಹೋಗಿದ್ಲು? ಕೊಣ್ಣೂರಿಗೆ, ತನ್ನ ಅವ್ವನ ಹಂತ್ಯಾಕ. ಹೊಳಿ ಬಂದು ಪೂಲ ಮುಳುಗಿ, ನಮ್ಮಣ್ಣ, ಅಂದ್ರ ನಿಮ್ಮಪ್ಪ, ಈ ದಂಡೀಗೆ ನಿಂತು ಮಗನ ಮಾರಿ ಕಾಣದ ಒದ್ದಾಡಿದ್ದ. ಆಕಿ ಅಲ್ಲೇ ಆರಾಮ ಇದ್ಲು. ಫೋನ್ ಹಚ್ಚಿ ಕೇಳ್ರಿ ಬೇಕಾದ್ರ.

ಹಿಂದಿನ ಕ್ವಾಣಿ ನಾ ಹ್ಯಾಂಗ ಸಜ್ಜ ಮಾಡಿದ್ದೆ ನೋಡೀರಿ. ಸಾರಿಸಿ, ಬಾಣಂತಿ ಹೊರಸಿಗೆ ಹೊಸಾ ನವಾರ ಬಿಗಿಸಿ, ಕೆಳಗ ಕೆಂಡ ಇಡಾಕ ಜಾಗಾ ಮಾಡಿ... ಬಾಣಂತಿ ಪಾಯಸಕ್ಕ ಅಳವಿ ಕಾಳ ಸಹಿತ ಹಸನ ಮಾಡಿಟ್ಟೇನಿ. ನೀವು ನಿನ್ನೆ ಬಂದವರ ಮ್ಯಾಲ ನೋಡಿ, ಅತ್ತಿ, ಈ ತಗಡ ಗಾಳಿಗೆ ನಿಲ್ತೈತೇನು ಅಂದ್ರಿ. ನಿಮ್ಮ ನಾಲಿಗಿ ಮ್ಯಾಲ ಮಚ್ಚಿ ಐತಿ ಅಂತ ಆಗ್ಲೇ ತಿಳೀಬೇಕಿತ್ತು ನನಗ. ಮ್ಯಾಲ ಇಷ್ಟಿಷ್ಟ ಕಲ್ಲ ಹೇರೇವಿ, ಏನೂ ಆಗೂದಿಲ್ಲ ಅಂದೆ. ಅಂದಾಗ ಅದು ಖರೇನ ಇತ್ತು.

ಹೊರಸು ತೊಯ್ದೇತಿ, ಬಿಸಲಿಗೆ ಇಟ್ಟೇನಿ. ಸಂಜಿಮಟಾ ಒಣಗತೈತಿ. ತಗಡೂ ಒಂದ ಮೂಲಿ ಬಾಗಿದ್ದ ಬಿಟ್ರ ಚಲೋ ಐತಿ.

ನನ್ನ ಟೊಂಕಕ್ಕೇನಾಗೇತಿ? ಏನಿಲ್ಲ. ಕೊಡ ಎತ್ತೂ ಮುಂದ ಚಳಕ ಹೊಡೀತು.

ಅಲ್ಲೇನ್ ಬಗ್ಗಿ ನೋಡಾಕತ್ತೀರಿ? ಕಾರಿನ ಕೆಳಗೇನಿಲ್ಲ, ಬರೇ ರಾಡಿ. ಪ್ಯಾಂಟ ಹೊಲಸಾಕ್ಕತಿ, ಏಳ್ರಿ. ಮಂಡಕ್ಕಿ ಒಗ್ಗರಣಿ ಹಾಕೇನಿ, ಆರಿ ಹೊಕ್ಕತಿ, ಬರ್ರಿ... ಬರ್ರಿ ಅಂದೆ.

ಅವಾ? ಅವು ಕಲ್ಲು. ಗಾಲಿಗೆ ಕೊಟ್ಟೇನಿ. ನಮ್ಮ ಓಣಿ ಇಳಕಲ ಐತಲ್ಲ, ಚಕ್ಕಡಿ ನಿಲ್ಲಿಸಿದ್ರೂ ನಾವು ಗಾಲಿಗೆ ಕಲ್ಲ ಕೊಡಾವ್ರ. ನಿಮ್ಮ ಕಾರಿಗೆ ಬ್ರೇಕ್ ಇರತೈತಿ, ಅದು ನನಗೇನ್ ತಿಳೀತೈತಿ? ಎಲ್ಲಿಂದ ತಂದೆ ಅಂದ್ರ... ಇಲ್ಲೇ ಓಣ್ಯಾಗ ಬಿದ್ದಿದ್ವು. ಜಂಗ ಹತ್ತೇತಿ? ಗೆರಿ ಗೆರಿ...

ಹೂಂ. ತಗಡಿನ ಮ್ಯಾಲಿನವು.

ನಗ್ರಿ ಈಗ. ಆಗ ಬ್ಯಾಡ ಅಂದ್ರೂ ನಗ್ತಿದ್ರಿ. ನಿನ್ನೆ ನೀವು ಚಾ ಕುಡ್ದು, ನಾಳೆ ಬೆಳಿಗ್ಗೆ ಚಿನ್ನೂನ ಒಯ್ತೇನಿ ಅಂದು ಅಡ್ಡಾದ್ರಲ್ಲ, ಆಗ ಮಾಳಗಿ ಹತ್ತಿ ಒಂದೊಂದ ಇಳಿಸಿದೆ. ಗಾಳಿ ಬರತೈತಿ ಅಂತ ಯಾರಿಗ್ ಗೊತ್ತಿತ್ತು? ಆಕಾಶದಾಗ ಒಂದ ಮಾಡ ಸಹಿತ ಇರಲಿಲ್ಲ. ನಿಮ್ಮ ಕಾರ ಇಳಕಲಿಗೆ ಉಳ್ಳಬಾರದು ಅಂತ ಮಾಡಿದ್ದು, ನನ್ನ ತಗಡ ಹೋಗಿ ಅದರ ಮ್ಯಾಲೇ ಬಿತ್ತು. ನಗೂವಂಥಾ ಮಾತ ಐತಿ, ನಗವಲ್ರಿ ಯಾಕ?

ಆ ಮಗ್ಗಲಕ್ಕ ಯಾಕ ಹೊಂಟ್ರಿ? ಅತ್ತಾಗೇನ್ ನೋಡ್ತೀರಿ...

ಬೈರಿ ಬೇಕಾದ್ರ.

ಹೌದು. ಇಳಕಲಿಗೆ ಆದ್ರ ಕೆಳಗಿನ ಮಗ್ಗಲ ಕೊಟ್ಟಿದ್ರ ಸಾಕಾಗತಿತ್ತು. ಮ್ಯಾಲಿನ ಮಗ್ಗಲಕ್ಕೂ ಕೊಟ್ಟೇನಿ. ಎಲ್ಲಾ ಗಾಲಿಗೂ ಹಿಂದ ಮುಂದ ಕೊಟ್ಟೇನಿ, ಕೇಳೋ ಅಳಿಯಾ ಸಿದ್ದಾರೂಢಾ. ಕಾರು ಮುಂದೂ ಹೋಗಬಾರದು, ಹಿಂದೂ ಹೋಗಬಾರದು. ಕಲ್ಲ ಕೊಟ್ರ ನೀ ನಿಲ್ಲಾಂವಲ್ಲ ಅಂತ ನನಗೂ ಗೊತ್ತೈತೋ ಅಪ್ಪಾ, ಆದ್ರೂ ಕೊಟ್ಟೆ. ಒಬ್ಬಾಕಿ ಮಗಳು. ಆಕಿ ಬ್ಯಾನಿ ತಿನ್ನೂ ಹೊತ್ತಿನ್ಯಾಗ ಆಕಿ ಕೈ ನನ್ನ ಕೈಯಾಗ ಇರಬೇಕು. ಮತ್ತೇನಿಲ್ಲ.

ಕಲ್ಲ ತಗ್ಯಾಕತ್ತೇನು... ತಗಿ. ನಿನ್ನ ಹೇಣ್ತಿ, ನಿನ್ನ ಗಾಡಿ. ತಡ್ಯಾಕ ನಾ ಯಾರು?

ಆ ಕಲ್ಲ ಎತ್ಕೊಂಡ ಎಲ್ಲಿ ಹೊಂಟಿ? ಅದು ಹಿತ್ತಲ ಹಾದಿ, ಅಲ್ಲೇನೈತಿ, ಮಾಳಗಿ ಹತ್ತೂ ಏಣಿ ಬಿಟ್ರ...

ತಡಿ. ತಡಿಯೋ ಸಿದ್ದಾ! ಮದ್ಲ ತಗಡ ಏರಸ್ಬೇಕು, ಆಮ್ಯಾಲ ಕಲ್ಲು. ಸ್ಲ್ಯಾಬಿನ ಮನ್ಯಾಗ ಬೆಳದಾಂವ, ಇಷ್ಟೂ ಗೊತ್ತಿಲ್ಲ ನಿನಗ. ನಿಂದ್ರು, ಏಣಿ ನಾ ಹಿಡೀತೇನಿ.