ಅರವತ್ತರಲ್ಲಿ ನಿಂತ ಬೋರ್ಡು

ಹಾಳು ಬಾವಿ ಹತ್ರ ಬರ್ತಿದ್ದ ಹಾಗೇ ಬ್ಯಾಗೊಳಗಿಂದ "ಪೀಂ..." ಅಂತು.

ಕಟ್ಟಿ ಹೇಳ್ತಿಲ್ಲ ಕಣ್ರೋ, ನಮ್ಮ ಚಿಕ್ಕಮ್ಮನ ಮಗನಿಗೇ ಆಗಿದ್ದು. ಅದೇ, ಪ್ರೊಫೆಸರ್! ಓದಿ ಬಂದ ಬಿರುದಲ್ಲ, ನಾವೇ ಇಟ್ಟಿದ್ದು. ಕೆಲಸ ಕಂಪ್ಯೂಟರ್ ರಿಪೇರಿ ಅಂಗಡೀಲಿ, ಬಾಯಿ ಮಾತ್ರ ಕಂಪ್ಯೂಟರ್ ಕಂಡುಹಿಡಿದವನದ್ದು.

ಬ್ಯಾಗಲ್ಲಿದ್ದದ್ದು ಅವನ ಅಕ್ಕನ ಹಳೇ ಕಂಪ್ಯೂಟರಿನ ಮದರ್‌ಬೋರ್ಡು. ಅಕ್ಕ ಮನೇಲೇ ಕಸೂತಿ ಮಷೀನ್ ಇಟ್ಕೊಂಡು ಸ್ಕೂಲ್ ಬ್ಯಾಡ್ಜ್ ಹೊಲೀತಾರೆ. ಆ ಮಷೀನು ಆ ಮುದಿ ಕಂಪ್ಯೂಟರ್ ಬಿಟ್ರೆ ಇನ್ಯಾರ ಮಾತೂ ಕೇಳಲ್ಲ. ಮಾರನೇ ದಿನ ಬ್ಯಾಡ್ಜ್ ಕೊಡದಿದ್ರೆ ಆರ್ಡರ್ ಬೇರೆಯವರ ಪಾಲು. ಮನೆ ನಡೆಯೋದೇ ಅದ್ರಿಂದ.

ಕಂಪ್ಯೂಟರಿಗೆ ಏನಾಗಿತ್ತು ಗೊತ್ತಾ? ಏನೂ ಇಲ್ಲ! ಗಡಿಯಾರ ದಿನಾ ಹಿಂದೆ ಹೋಗ್ತಿತ್ತು, ಅಷ್ಟೇ. ಒಂದು ಬಿಲ್ಲೆ ಸೆಲ್ ಹಾಕಿದ್ರೆ ಮುಗೀತಿತ್ತು. ಆದ್ರೆ ಪ್ರೊಫೆಸರ್ ಅಲ್ವಾ...

"ಅಕ್ಕಾ, ಈ ಡಬ್ಬದ ಬಯೋಸೇ ಹಳೇದು. ಅಪ್‌ಡೇಟ್ ಮಾಡ್ತೀನಿ ನೋಡು."

"ಸೆಲ್ ಹಾಕು ಸಾಕು ಕಣೋ."

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಕಂಪ್ಯೂಟರ್ ಆನ್ ಮಾಡಿದ ಕೂಡ್ಲೇ ಮೊದಲು ಎದ್ದು ಮಿಕ್ಕಿದ್ದನ್ನೆಲ್ಲ ಎಬ್ಬಿಸೋದು ಈ ಬಯೋಸು. ಅಪ್‌ಡೇಟ್ ಆಗುವಾಗ ಆಫ್ ಮಾಡ್ಬೇಡಿ ಅಂತ ಸ್ಕ್ರೀನೇ ದಪ್ಪಕ್ಷರದಲ್ಲಿ ಬಡ್ಕೊಳ್ತಿತ್ತು. ಅರವತ್ತು ಪರ್ಸೆಂಟಲ್ಲಿ ಒಂಚೂರು ನಿಂತ್ಕೊಂತು. ಇವನಿಗೆ ತಾಳ್ಮೆ ಎಲ್ಲಿಂದ ಬರ್ಬೇಕು? "ಹ್ಯಾಂಗ್ ಆಯ್ತು" ಅಂದ. ಟಕ್! ಆಫ್ ಮಾಡೇಬಿಟ್ಟ ಪುಣ್ಯಾತ್ಮ. ಮತ್ತೆ ಆನ್ ಮಾಡಿದ್ರೆ ಫ್ಯಾನ್ ಮಾತ್ರ ಸುಯ್ಯ್... ಸ್ಕ್ರೀನ್ ಕಪ್ಪು. ಹೆಣ!

ಅಕ್ಕ ಬೈಲಿಲ್ಲ. ಬಾಗಿಲು ತೋರಿಸಿದ್ರು. "ಸರಿಮಾಡದೆ ಮುಖ ತೋರಿಸ್ಬೇಡ."

ಹಾಗೆ ಬೋರ್ಡ್ ಬಿಚ್ಚಿ ಬ್ಯಾಗಿಗೆ ಹಾಕ್ಕೊಂಡು ರಾತ್ರೀಲೇ ಅಂಗಡಿ ಕಡೆ ಹೊರಟವನಿಗೆ, ಬಾವಿ ಹತ್ರ ಈ "ಪೀಂ". ಬೋರ್ಡಿಗೆ ಕರೆಂಟಿಲ್ಲ, ಸೆಲ್ಲೂ ಇಲ್ಲ. ಫೋನಿರ್ಬೇಕು ಅಂದ್ಕೊಂಡ. ಫೋನು ಅಕ್ಕನ ಮನೇಲಿ ಚಾರ್ಜಿಗಿತ್ತು! ಇವನ ತಲೆ ಅಷ್ಟೇ ಓಡೋದು.

ಬಾವಿ ರಾಟೆ ಕೀಂಯ್ಕ್... ಅಂತು. ಹಗ್ಗವೇ ಇಲ್ಲದ ರಾಟೆ ಅದು.

"ಆಫ್ ಮಾಡ್ಬೇಡ..." ಯಾರೋ ಪಿಸುಗುಟ್ಟಿದ್ರು.

"ಯಾರದು?"

"ಮಾಡ್ಬೇಡ..."

"ಯಾರೋ ಕುಡ್ಕೊಂಡು ಬಂದಿದಾರೆ" ಅಂತ ಗೊಣಗಿದ. ಗೊಣಗಿದ್ದು ಮೆಲ್ಲಗೆ, ನಡೆದದ್ದು ಓಟ.

ಅಂಗಡಿ ಷಟರ್ ಎತ್ತಿದ. ಘರ್‌ರ್‌ರ್... ಒಳಗೆ ಹಳೇ ಬೋರ್ಡುಗಳ ರಾಶಿ. ಅದ್ರಲ್ಲಿ ಅಕ್ಕನ ಬೋರ್ಡಿನಂಥದ್ದೇ ಒಂದು ಸಿಕ್ತು, ಜೀವ ಇರೋದು. ಈ ರಿಪೇರಿಯವರಲ್ಲೊಂದು ಕೈಚಳಕ ಇದೆ. ಆ ಬೋರ್ಡ್ ಓಡ್ತಿರುವಾಗ್ಲೇ ಅದರ ಬಯೋಸ್ ಚಿಪ್ಪನ್ನ ಮೀಟಿ ತೆಗೆದು, ಆ ಜಾಗಕ್ಕೆ ಸತ್ತ ಬೋರ್ಡಿನ ಚಿಪ್ಪನ್ನ ಒತ್ತಿ, ಅದಕ್ಕೆ ಬಯೋಸನ್ನ ಹೊಸದಾಗಿ ಬರೀಬೇಕು. ಬದುಕಿರೋದ್ರ ಎದೆ ಬಗೆದು ಸತ್ತದ್ದನ್ನ ಇಟ್ಟ ಹಾಗೆ! ಕಟ್ ಅಂತ ಒಂದು ಹೊರಗೆ. ಕಟ್ ಅಂತ ಇನ್ನೊಂದು ಒಳಗೆ.

ಇಪ್ಪತ್ತು... ನಲವತ್ತು... ಅರವತ್ತು.

ನಿಂತ್ಕೊಂತು.

ಕೈ ಎಲ್ಲಿಗೆ ಹೋಯ್ತು ಹೇಳಿ? ಸ್ವಿಚ್ಚಿಗೆ! ಬುದ್ಧಿ ಬಂದ್ರೆ ತಾನೆ. ಬೆರಳು ಇನ್ನೂ ತಾಗಿಲ್ಲ... ಕಿವಿ ಹತ್ರ ತಣ್ಣಗೆ ಉಸಿರು.

"ಏಳು," ಅಂತು. "ನಾನು ಮಾಡ್ತೀನಿ."

ಎದ್ದ ನೋಡಿ... ಚಪ್ಪಲಿ ಒಂದು ಕಡೆ, ಪ್ರೊಫೆಸರ್ ಒಂದು ಕಡೆ! ಬೋರ್ಡು, ಬ್ಯಾಗು, ಎತ್ತಿದ ಷಟರು, ಎಲ್ಲ ಹಾಗೇ ಬಿಟ್ಟು ಬಸ್ ಸ್ಟ್ಯಾಂಡಿನ ಲೈಟ್ ಕೆಳಗೆ ಮುದುರಿ ಕೂತ. ಬೆಳಗಾಗೋವರೆಗೂ ಅಲ್ಲಾಡ್ಲಿಲ್ಲ. ಪೇಪರ್ ಹಾಕೋನು ನೋಡಿದಾನೆ, ಬೇಕಾದ್ರೆ ಕೇಳಿ.

ಬೆಳಕು ಹರಿದ ಮೇಲೆ ಅಂಗಡಿಗೆ ಬಂದ್ರೆ ಷಟರ್ ಇಳಿದಿತ್ತು, ಬೀಗ ಬಿದ್ದಿತ್ತು. ತೆಗೆದು ನೋಡಿದ. ಅಕ್ಕನ ಬೋರ್ಡಿಲ್ಲ! ಕಳ್ಳ ಹೊತ್ಕೊಂಡು ಹೋದ, ಅಕ್ಕನ ಆರ್ಡರ್ ಮುಳುಗ್ತು ಅಂತ ಅಳ್ತಾ ಅವರ ಬೀದಿಗೆ ಬಂದ. ಬಂದ್ರೆ... ಟಕಟಕಟಕಟಕ... ಕಸೂತಿ ಮಷೀನ್ ಓಡ್ತಿದೆ! ಬುಟ್ಟಿ ತುಂಬ ಬ್ಯಾಡ್ಜು.

"ಬಾರೋ," ಅಂದ್ರು ಅಕ್ಕ, ಅರ್ಧ ಮುನಿಸು ಇಳಿದಿತ್ತು. "ರಾತ್ರಿ ಬಂದು ಬೋರ್ಡ್ ಕೂರಿಸಿ ಹೋದೆ, ಒಂದು ಮಾತಾದ್ರೂ ಆಡ್ಬಾರ್ದಾ? ನಾನು ನಿದ್ದೆಗಣ್ಣಲ್ಲಿ ಟಾರ್ಚ್ ಹಿಡ್ಕೊಂಡು ನಿಂತಿದ್ದೆ. ತಲೇನೂ ಎತ್ಲಿಲ್ಲ ನೀನು."

ಸತ್ಯ ಹೇಳ್ಬೇಕಲ್ವಾ ಮನುಷ್ಯ? ಇವನು ಗಂಟಲು ಸರಿಮಾಡ್ಕೊಂಡ. "ಕೆಲಸ ಮಾಡುವಾಗ ನಾನು ಮಾತಾಡಲ್ಲ ಅಕ್ಕ."

ನಾಚಿಕೆಗೆಟ್ಟವನು! ದೆವ್ವದ ದುಡಿಮೇನೂ ಇವನ ಲೆಕ್ಕಕ್ಕೆ!

ಆಮೇಲೆ ಒಬ್ಬನೇ ಇದ್ದಾಗ ಡಬ್ಬದ ಮುಚ್ಚಳ ತೆಗೆದು ನೋಡಿದಾನೆ. ಬೋರ್ಡಿನ ಸ್ಕ್ರೂ ಎಲ್ಲ ಬಿಗಿಯಾಗಿದ್ವು, ಒಂದೂ ತಪ್ಪದೆ. ಪ್ಯಾಂಟ್ ಜೇಬಿಗೆ ಕೈ ಹಾಕಿದ. ಹಿಂದಿನ ದಿನ ತಾನೇ ಬಿಚ್ಚಿ ಹಾಕ್ಕೊಂಡಿದ್ದ ಸ್ಕ್ರೂಗಳು... ಅಷ್ಟೂ ಜೇಬಲ್ಲೇ ಇದ್ವು.

ನಗ್ಬೇಡ್ರೋ. ಆ ಸ್ಕ್ರೂಗಳನ್ನ ನಾನೇ ಕೈಯಲ್ಲಿ ಹಿಡಿದು ನೋಡಿದೀನಿ.