ಕಾರ್ಡಿನಲ್ಲಿ ಐವತ್ತಾರು

ನಿಪ್ಪಾಣಿಯ ಸಹಕಾರಿ ಔಷಧ ಅಂಗಡಿಯ ಮುಂದೆ ಸಾಲಿತ್ತು. ‘ಅರವತ್ತು ದಾಟಿದವರಿಗೆ ಅರ್ಧ ಬೆಲೆ’ ಎಂಬ ಬೋರ್ಡಿನ ಕೆಳಗೆ, ನನ್ನ ಮುಂದಿದ್ದ ರುಕ್ಮವ್ವ ದಮ್ಮಿನ ಪಂಪಿಗೆ ಡಾಕ್ಟರು ಬರೆದ ಚೀಟಿಯನ್ನೂ ಆಧಾರ್ ಕಾರ್ಡನ್ನೂ ಒಳಗೆ ಚಾಚಿದಳು. ಅವಳ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಕೌಂಟರಿನ ಶಿವರಾಜ ಕಾರ್ಡನ್ನಷ್ಟೇ ನೋಡಿದ.

“ಐವತ್ತಾರ ಅಂತ ಐತಿ. ನಿನಗ ಪೂರಾ ರೇಟ, ಅಜ್ಜಿ.”

“ಅದ ಸುಳ್ಳ ಐತ್ರಿ. ನನಗ ಅರವತ್ತೆಂಟ.”

“ಸುಳ್ಳ ಬರಸಿದಾವ್ರ ಯಾರು?”

“ನಾನರೀ. ವಯಸ್ಸಾದಾವ್ರನ ತಂಬಾಕಿನ ವಖಾರ್ಯಾಗ ಕೆಲಸಕ್ಕ ಇಟಗೊಳ್ಳತಿದ್ದಿಲ್ಲ. ನಾವ ಹೆಂಗಸ್ರೆಲ್ಲಾ ಹನ್ನೆರಡ ಹನ್ನೆರಡ ವರ್ಷ ಕಡಿಮಿ ಬರಸಿದ್ವಿ.”

“ಆವಾಗ ಹರೇದಾಕಿ, ಈಗ ಮುದುಕಿ. ಛಲೋ ಐತಿ ಬಿಡ ನಿಂದು.”

“ಆ ತಂಬಾಕಿನ ಧೂಳಿಗೇ ಈ ದಮ್ಮ ಹತ್ತೇತ್ರಿ. ನನ್ನ ಹಿರೀ ಮಗಳಿಗೇ ಐವತ್ತಾತು.”

“ಹಂಗಾರ ಆರನೇ ವರ್ಷಕ್ಕ ಹಡದೀಯೇನ?”

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ.

“ಹುಟ್ಟಿದ ದಾಖಲಾ ಒಯ್ದ ಕಾರ್ಡ ತಿದ್ದಿಸ್ಕೊಂಡ ಬಾ.”

“ದಾಖಲಾ ಎಲ್ಲೀದ್ರಿ? ನಾ ಹುಟ್ಟಿದ್ದ ನೋಡಿದಾವ್ರೆಲ್ಲಾ ಸತ್ತ ಹೋಗ್ಯಾರ.”

“ಹಂಗಾರ ನಾಕ ವರ್ಷ ತಡಿ.”

“ಪಂಪ ಇಲ್ದ ನಾಕ ದಿನ ತಡಿಯಂಗಿಲ್ರೀ ಯಪ್ಪಾ.”

“ಮುಂದಿನಾವ್ರ ಬರ್ರಿ.”

ರುಕ್ಮವ್ವ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಪಂಪಿಲ್ಲದೆ ಮೆಟ್ಟಿಲ ಕಡೆ ತಿರುಗಿದಳು. ಶಿವರಾಜ ಅವಳ ಬೆನ್ನಿಗೆ ಕೂಗಿದ:

“ಪಾವಟಿಗಿ ಸಾವಕಾಶ ಇಳಿ ಬೇ ಅಜ್ಜಿ, ವಯಸ್ಸಾಗೇತಿ.”