ವಿಂಟರ್ ಆಮ್ನಿಬಸ್ ಪರವಾಗಿ ಎರಡು ಮಾತು

…ಅಲ್ಲ, ಇದನ್ನು ನನಗೆ ಮೊದಲು ಹೇಳಿದ್ದು ಆಲನ್. ಮಂಗಳೂರಿನಲ್ಲಿ, ಡಿಗ್ರಿ ಓದುವಾಗ, ನನ್ನ ಕ್ಲಾಸಿನವನು. ‘ನುಸ್ರತ್, ಈ ಬ್ಯಾಂಡಿನವರು ನಾಚಿಕೆಯಿಂದ ತಲೆ ತಗ್ಗಿಸುವುದಲ್ಲ, ಗಿಟಾರಿನ ಸ್ವರ ಬದಲಿಸುವ ಪೆಡಲು ಕಾಲಬುಡದಲ್ಲಿ ಉಂಟು, ಅದನ್ನು ನೋಡುವುದು’ ಅಂತ. ಇಂಗ್ಲೆಂಡಿನ ಪೇಪರಿನವರು ಮಾತ್ರ ಬೂಟು ನೋಡುವವರು, ಶೂಗೇಝ್, ಅಂತ ಹೆಸರಿಟ್ಟು ನಕ್ಕರು. ಎಂತ, ನೀನೂ ನಗ್ತೀಯಾ? ನಗು. ವಿಂಟರ್ ಆಮ್ನಿಬಸ್ ಅಂದ್ರೆ ಎಲ್ಲರೂ ನಗುವುದೇ. ಬ್ಯಾಂಡಿಗೆ ಇಡುವ ಹೆಸರಾ ಅದು!

ಅಲ್ಲಿ ಬೇಡ ಪ್ರಿಯಾಂಕಾ, ಕಿಟಕಿಗೆ ಮುಖ ಮಾಡಿ ಕೂತ್ಕೋ. ಒಮಾನಿನ ಈ ಸುವೈಕ್‌ನಲ್ಲಿ ನೋಡ್ಲಿಕ್ಕೆ ಇರುವುದೇ ಈ ಸಮುದ್ರ.

ಗೊತ್ತುಂಟು, ಗೊತ್ತುಂಟು. ಇಬ್ರಿಯಿಂದ ಇಷ್ಟು ದೂರ ನೀನು ಬಂದದ್ದು ಹಾಡು ಕೇಳ್ಲಿಕ್ಕಲ್ಲ. ಆಫೀಸಿನಲ್ಲಿ ನಮ್ಮವರು ನಿನ್ನ ಗಂಡ ಈರೇಶನ ಹತ್ರ ಹೇಳಿಕೊಂಡಿದ್ದಾರೆ: ತಾನು ಇಬ್ರಿಗೆ ವರ್ಗವಾದ ಮೇಲೆ ನುಸ್ರತ್ ಫೋನ್ ಎತ್ತುವುದಿಲ್ಲ, ಬರೀ ಮೆಸೇಜು, ಸಿಟ್ಟೋ, ಬಿಟ್ಟೇಬಿಡ್ತಾಳೋ… ಬಿಡುವುದಾ! ಅನ್ಸಾರನ್ನಾ! ಯಲ್ಲಾ, ಇರಲಿ, ಆ ವಿಷಯ ಆಮೇಲೆ. ಮೊದಲು ಈ ಬ್ಯಾಂಡಿನ ಮಾತು ಮುಗೀಲಿ.

ಈಗ ಅದೇ ಪೇಪರಿನವರು ‘ನಮ್ಮದು ತಪ್ಪಾಯ್ತು, ಇದು ಮಹಾ ಸಂಗೀತ’ ಅಂತ ಬರೀತಿದ್ದಾರೆ. ಅವರ ಕೂದಲೆಲ್ಲ ಉದುರಿದ ಮೇಲೆ! ಗಿಟಾರು ಚಂದವಂತೆ. ಗಿಟಾರಲ್ಲ ಮಾರಾಯ್ತಿ! ಹಾಡುವವಳ ಸ್ವರವನ್ನು ಗದ್ದಲದ ಅಡಿಗೆ ಹಾಕಿದ್ದಾರೆ, ಒಂದು ಪದ ಸರಿ ಕೇಳುವುದಿಲ್ಲ… ‘ಪದ ಬೇಕಾದ್ರೆ ಆಕಾಶವಾಣಿ ಹಾಕು’ ಅಂತಿದ್ದ ಆಲನ್. ಆಗ ನನಗೂ ಅದು ಕೊರತೆಯೇ. ಈಗ… ಈಗ ಅನಿಸ್ತದೆ, ಅವರ ದೊಡ್ಡತನವೇ ಅದು. ಅದರ ಮುಂದೆ ಎಲ್ಲರ ಕಿವಿಯೂ ಒಂದೇ. ಲಂಡನಿನವನಿಗೂ ಕೇಳುವುದಿಲ್ಲ, ನನಗೂ ಕೇಳುವುದಿಲ್ಲ. ಖಲಾಸ್!

ಕಪ್ಪನ್ನು ಬಾಯಿಂದ ತೆಗೆದು ಮಾತಾಡು, ಚಾ ಚೆಲ್ತದೆ.

ಹಾಂ? ಬೇರೆ ಹಾಡಾ? ಉಂಟು, ಎರಡನೇ ಆಲ್ಬಂ. ಯಾರೋ ಬುದ್ಧಿವಂತರು ಅವಳ ಸ್ವರ ಮೇಲೆ ತಂದರು. ಕೇಳಿದ್ರೆ… ‘ನೀನು ಹೋದೆ, ಮಳೆ ಬಂತು’. ಇಷ್ಟೇ! ಇಷ್ಟಕ್ಕಾ ಮುಚ್ಚಿಟ್ಟದ್ದು? ಅಲ್ಲಿಗೆ ಬ್ಯಾಂಡು ಮುಗೀತು.

ಹೌದು ಹೌದು, ಇವರಿಗೆ ಮೀನಿನ ಉಪ್ಪಿನಕಾಯಿ ಕಟ್ಟಿ ಕೊಡ್ತೇನೆ. ನೀನು ಮುಟ್ಟುವುದಿಲ್ಲ, ಗೊತ್ತುಂಟು, ಎರಡೆರಡು ಪ್ಲಾಸ್ಟಿಕ್ ಸುತ್ತುತ್ತೇನೆ.

ಯಾಕೆ ಹಾಗೆ ನೋಡ್ತೀಯಾ? ‘ಅನ್ಸಾರಣ್ಣಾರಿಗೆ ಏನರ ಕಳಸ್ತೀರೇನ್ರಿ’ ಅಂತ ಕೇಳಿದಿಯಲ್ಲ. ಈಗಷ್ಟೇ… ನನ್ನ ಕಣ್ಣೆದುರೇ…

ಪ್ರಿಯಾಂಕಾ.

ನೀನು ಸ್ವರ ಹಾಕಲಿಲ್ಲ. ಬರೀ ತುಟಿ ಆಡಿಸಿದ್ದು.

ಹುಷಾರಿದ್ದೀ ನೀನು.

…ಒಂದು ಕಿವಿ ಪೂರ್ತಿ ಹೋಗಿದೆ. ಇನ್ನೊಂದರಲ್ಲಿ ಬರೀ ಗುಂಯ್. ಎದುರಿಗಿದ್ದರೆ ತುಟಿ ನೋಡಿ ಸುಧಾರಿಸ್ತೇನೆ, ಇವರು ಇಲ್ಲಿದ್ದಾಗ ಇವರಿಗೇ ಗೊತ್ತಾಗಲಿಲ್ಲ. ಫೋನಿಗೆ ತುಟಿ ಇಲ್ಲವಲ್ಲ! ವೀಡಿಯೊದಲ್ಲಿ ತುಟಿ ತಡೆದು ತಡೆದು ಆಡ್ತದೆ, ಓದ್ಲಿಕ್ಕೆ ಆಗುವುದಿಲ್ಲ. ಇವರು ‘ನಿನ್ನ ನೆನಪಾಗ್ತದೆ’ ಅಂದದ್ದಕ್ಕೆ ನಾನು ‘ಹಾಂ, ಗ್ಯಾಸ್ ಬಂತು’ ಅಂದೆನಂತೆ. ಆಮೇಲೆ ಇವರ ಮೆಸೇಜು ಓದಿ ಗೊತ್ತಾಯ್ತು. ಮತ್ತೆ ಎತ್ತಲೇ ಇಲ್ಲ.

ಬರೆದು ಹೇಳಬಹುದಿತ್ತು, ಹೌದು. ಬರೆದೆ. ಅಳಿಸಿದೆ. ಗೊತ್ತಾದ್ರೆ ಜೋರಾಗಿ, ನಿಧಾನ ನಿಧಾನ ಮಾತಾಡ್ಲಿಕ್ಕೆ ಶುರುಮಾಡ್ತಾರೆ ಪ್ರಿಯಾಂಕಾ, ಮಗುವಿಗೆ ಹೇಳಿದ ಹಾಗೆ… ನನ್ನ ಹತ್ರ ಮತ್ತೆ ಜಗಳ ಕೂಡ ಆಡ್ಲಿಕ್ಕಿಲ್ಲ.

ನೀನೇ ಹೇಳು ಇವರಿಗೆ. ಸಿಟ್ಟಲ್ಲ ಅಂತ ಮೊದಲು ಹೇಳು, ಕಿವಿಯ ವಿಷಯ ಆಮೇಲೆ. ಮತ್ತೆ… ಸ್ವರ ಹಾಕಿ ಹೇಳು. ಇವರಿಗೆ ಕೇಳ್ತದೆ.